42 ಅಡಿ ಬಾವಿ, 300 ಕೋಟಿ ವರ್ಷ

ಈ ಸಲ ಏಪ್ರಿಲ್‌ನಲ್ಲಿ ನಮ್ಮ ಹಳೇ ಬಾವಿ ಪೂರ್ತಿ ಬತ್ತಿಹೋಯ್ತು. ಉಡುಪಿ ಕಡೆಯ ಹಿರಿಯಡ್ಕದ ಹತ್ತಿರ ನಮ್ಮ ಮನೆ, ಎದುರಿಗೆ ಗದ್ದೆ, ಹಿಂದೆ ಗುಡ್ಡೆ, ಬಾವಿ ಅಜ್ಜನ ಕಾಲದ್ದು. ಮೊದಲೆಲ್ಲ ಮೇ ಕೊನೆಗೂ ಕೊಡಪಾನ ಮುಳುಗುವಷ್ಟು ನೀರು ಇರ್ತಿತ್ತು. ಬೋರ್ ಹೊಡೆಸುವ ಅಂತ ಅಣ್ಣ, ಬೇಡ ನನಗೆ ಬಾವಿ ನೀರೇ ಬೇಕು ಅಂತ ಅಮ್ಮ, ಒಂದು ವಾರ ಇದೇ ಮಾತು, ಕೊನೆಗೆ ಅಮ್ಮನ ಮಾತೇ ನಡೀತು, ಈಶಾನ್ಯ ಮೂಲೆಯಲ್ಲಿ ಹೊಸ ಬಾವಿ ತೋಡುವುದು ಅಂತ ಆಯ್ತು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಆ ಹದಿನೈದು ದಿನದಲ್ಲಿ ನಾನು ಕಂಡದ್ದನ್ನ ಬರೆದಿಡಬೇಕು ಅಂತ ಆಗ್ಲಿಂದ ಮನಸ್ಸಲ್ಲಿ ಉಂಟು, ಇವತ್ತು ಕೂತಿದ್ದೇನೆ.

ಮೇಲಿನ ಮೂರಡಿ ಕೆಂಪು ಮಣ್ಣು, ಅದು ಎರಡು ಗಂಟೆಯ ಕೆಲಸ. ಅದರ ಕೆಳಗೆ ಮುರಕಲ್ಲು. ನಮ್ಮ ಊರಿನವರಿಗೆ ಮುರಕಲ್ಲು ಎಂತ ಅಂತ ಹೇಳ್ಬೇಕಾಗಿಲ್ಲ, ಮನೆ ಗೋಡೆ, ಕಂಪೌಂಡು, ದೈವಸ್ಥಾನದ ಕಟ್ಟೆ ಎಲ್ಲ ಅದರದ್ದೇ. ಇಪ್ಪತ್ತು ಅಡಿವರೆಗೂ ಅದೇ ಇತ್ತು, ಹಾರೆ ಪಿಕ್ಕಾಸಿನಲ್ಲಿ ಕಡೀತಾ ಹೋದ್ರು. ಅಲ್ಲಿಂದ ಕೆಳಗೆ ಬಣ್ಣವೇ ಬದಲಾಯ್ತು, ಶೇಡಿಮಣ್ಣು ಬಂತು. ಬಿಳಿ, ಅಲ್ಲಲ್ಲಿ ನಸುಗೆಂಪು, ಅಲ್ಲಲ್ಲಿ ಅರಸಿನ ಬಣ್ಣ, ಕೈಯಲ್ಲಿ ಹಿಚುಕಿದ್ರೆ ಬೆಣ್ಣೆ ಹಾಗೆ. ಅಜ್ಜಿ ಹಬ್ಬಕ್ಕೆ ಗೋಡೆಗೆ ಬಳೀತಿದ್ದ ಶೇಡಿ ಇದೇ ಜಾತಿ ಮಣ್ಣು. ಮೂವತ್ತೆಂಟು ಅಡಿಗೆ ಠಣ್ ಅಂತ ಶಬ್ದ ಬಂತು, ಬಂಡೆಗೆ ನಮ್ಮಲ್ಲಿ ಪಾದೆ ಅಂತ ಹೇಳುದು. ಕೆಳಗಿನಿಂದ ಮೇಸ್ತ್ರಿ ಕೂಗಿದ್ರು, "ಪಾದೆ ಸಿಕ್ತು ಅಣ್ಣಾ!"

ಮರುದಿನ ನಾನೂ ಹಗ್ಗ ಹಿಡ್ಕೊಂಡು ಕೆಳಗಿಳಿದೆ. ಅಮ್ಮ ಮೇಲಿನಿಂದ ಬೈತಾ ಇದ್ರು. ಮೇಸ್ತ್ರಿ ಟಾರ್ಚ್ ಹಿಡಿದು ಬಾವಿಯ ಗೋಡೆಯಲ್ಲಿ ಒಂದು ಕಡೆ ತೋರಿಸಿದ್ರು. ಕೆಳಗೆ ಗಟ್ಟಿ ಪಾದೆ, ಅದರಲ್ಲಿ ಕಪ್ಪು-ಬೂದು-ಬಿಳಿ ಪಟ್ಟೆಗಳು, ಸೀರೆಯ ಅಂಚಿನ ಹಾಗೆ ಓರೆಯಾಗಿ ಮೇಲೆ ಹೋಗ್ತಾ ಇವೆ. ಪಾದೆ ಮುಗಿದು ಶೇಡಿಮಣ್ಣು ಶುರುವಾಗುವಲ್ಲಿ ಪಟ್ಟೆ ನಿಲ್ಲುದಿಲ್ಲ! ಅದೇ ಓರೆ, ಅದೇ ಅಗಲ, ಶೇಡಿಯ ಒಳಗೂ ಮುಂದುವರೀತದೆ, ಕಪ್ಪು ಪಟ್ಟೆ ಇದ್ದಲ್ಲಿ ಕಂದು ಗೀಟು, ಬಿಳಿ ಪಟ್ಟೆ ಇದ್ದಲ್ಲಿ ಬಿಳಿ ಮಣ್ಣು. ಬೆರಳಿಟ್ಟು ಕೆಳಗಿಂದ ಮೇಲೆ ಎಳೆದೆ. ಬೆರಳಿನ ಅಡಿಯಲ್ಲಿ ಕಲ್ಲು ಮಣ್ಣಾಯ್ತು. "ಇದು ಬೇರೆ ಬೇರೆ ಅಲ್ಲ ಅಣ್ಣಾ, ಎಲ್ಲ ಒಂದೇ ಕಲ್ಲು, ಮೇಲಿನದು ಹಣ್ಣಾಗಿದೆ ಅಷ್ಟೆ" ಅಂದ್ರು ಮೇಸ್ತ್ರಿ. ಎಷ್ಟು ಸರಿಯಾದ ಮಾತು ನೋಡಿ. ಮುರಕಲ್ಲು, ಶೇಡಿ, ಪಾದೆ ಮೂರೂ ಒಂದೇ. ಬಿಸಿಲು ಮಳೆ ಬಿದ್ದು ಬಿದ್ದು ಪಾದೆಯೊಳಗಿನ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಜೇಡಿಯಾಗ್ತದೆ, ಅದೇ ಶೇಡಿ. ಇನ್ನೂ ಮೇಲೆ ಕರಗುವಂಥದ್ದೆಲ್ಲ ನೀರಿನ ಜೊತೆ ಹರಿದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಉಳೀತದೆ, ಅದೇ ಮುರಕಲ್ಲು. ತೂತು ತೂತು ಇರುವುದು, ಕೆಂಪಗಿರುವುದು ಅದಕ್ಕೇ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಕೇರಳದ ಅಂಗಾಡಿಪುರದ ಕಲ್ಲು ನೋಡಿ. ಲ್ಯಾಟಿನ್‌ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ರೆ ಗಟ್ಟಿ, ಇಟ್ಟಿಗೆ ಹಾಗೇ ಅಲ್ವಾ.

ಮೇಲೆ ಬರುವಾಗ ಪಾದೆಯ ಒಂದು ತುಂಡು ಬುಟ್ಟಿಯಲ್ಲಿ ಹಾಕಿ ತಂದೆ. ಅಣ್ಣನ ಮಗಳು ಏಳನೇ ಕ್ಲಾಸು, ಅವಳು ಅದನ್ನ ಟ್ಯಾಪ್ ಕೆಳಗೆ ತೊಳೆದು, ತಿರುಗಿಸಿ ಮುರುಗಿಸಿ ನೋಡಿ, "ಚಿಕ್ಕಪ್ಪಾ, ಇದಕ್ಕೆ ಎಷ್ಟು ವರ್ಷ?" ಅಂದ್ಲು.

ನಮ್ಮ ಕರ್ನಾಟಕದ ಅಡಿಪಾಯದ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೇಳ್ತಾರೆ, ಬೆಂಗಳೂರು ಲಾಲ್‌ಬಾಗ್‌ನ ಬಂಡೆ ಉಂಟಲ್ಲ, ಅದೂ ಅದೇ. ವಯಸ್ಸು ಸುಮಾರು 300 ಕೋಟಿ ವರ್ಷ. ನಮ್ಮ ಪಾದೆಯೂ ಆ ಕುಲದ್ದೇ. ಹಾಗೆ ಹೇಳಿದ್ದಕ್ಕೆ ಅವಳು ಕೇಳಿದ್ದು, "ಅದು ಹೇಗೆ ಗೊತ್ತಾಗುದು? ಆಗ ಯಾರೂ ಇರ್ಲಿಲ್ಲ ಅಲ್ವಾ?" ಅವಳ ಪುಸ್ತಕದಲ್ಲಿ ಭೂಮಿ ಹುಟ್ಟಿದ್ದು ಎರಡು ಮಾರ್ಕಿನ ಪ್ರಶ್ನೆ. ಅವಳಿಗೆ ಬೇಕಾಗಿದ್ದದ್ದು ಎರಡು ಮಾರ್ಕಿನ ಉತ್ತರ ಅಲ್ಲ, ಅದಕ್ಕೆ ಆ ಸಂಜೆ ಜಗಲಿಯಲ್ಲಿ ಕೂತು ನನಗೆ ಗೊತ್ತಿದ್ದಷ್ಟನ್ನ ಪೂರ್ತಿ ಹೇಳಿದೆ. ಕರೆಂಟು ಬೇರೆ ಇರ್ಲಿಲ್ಲ.

ಗಡಿಯಾರ ಕಲ್ಲಿನ ಒಳಗೇ ಉಂಟು. ಕರಗಿದ ಕಲ್ಲು ತಣಿಯುವಾಗ ಅದರಲ್ಲಿ ಜಿರ್ಕಾನ್ ಅಂತ ಸಣ್ಣ ಹರಳು ಹುಟ್ಟುತ್ತದೆ, ಹೊಯಿಗೆ ಕಣದಷ್ಟು, ಕೆಲವು ಅದಕ್ಕಿಂತಲೂ ಚಿಕ್ಕದು. ಈ ಹರಳಿನ ಗುಣ ಎಂತದ್ದು ಅಂದ್ರೆ ಹುಟ್ಟುವಾಗ ಯುರೇನಿಯಂ ಅನ್ನ ಒಳಗೆ ಸೇರಿಸಿಕೊಳ್ತದೆ, ಸೀಸವನ್ನ ಮಾತ್ರ ಹತ್ತಿರ ಬಿಡುದಿಲ್ಲ. ಆದ್ರೆ ಯುರೇನಿಯಂ ತನ್ನಷ್ಟಕ್ಕೆ ಸೀಸ ಆಗ್ತಾ ಹೋಗುವ ವಸ್ತು. ಹೆಚ್ಚಿನ ಯುರೇನಿಯಂ 238 ಅನ್ನುವ ಬಗೆಯದ್ದು, ಅದು ಅರ್ಧಕ್ಕರ್ಧ ಸೀಸ ಆಗ್ಲಿಕ್ಕೆ 447 ಕೋಟಿ ವರ್ಷ ಬೇಕು, ಬೆಂಕಿ ಹಾಕಿದ್ರೂ ಮಂಜಿನಲ್ಲಿ ಇಟ್ರೂ ಆ ಲೆಕ್ಕ ತಪ್ಪುದಿಲ್ಲ. ಹಾಗಾಗಿ ಇವತ್ತು ಹರಳಿನ ಒಳಗೆ ಸೀಸ ಸಿಕ್ಕಿದ್ರೆ ಅದು ಅಲ್ಲೇ ಹುಟ್ಟಿದ್ದು, ಎರಡನ್ನೂ ಅಳೆದ್ರೆ ವಯಸ್ಸು ಸಿಗ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ ಒಂದು ಜಿರ್ಕಾನಿಗೆ ಹೀಗೆ 440 ಕೋಟಿ ವರ್ಷ ಅಂತ ಗೊತ್ತಾಗಿದೆ. ಅದು ಹುಟ್ಟಿದ ಬಂಡೆ ಯಾವತ್ತೋ ಪುಡಿಯಾಗಿ ಹೋಗಿದೆ, ಹರಳು ಮಾತ್ರ ಉಳಿದಿದೆ.

ಭೂಮಿಯ ವಯಸ್ಸು ಸರಿಯಾಗಿ ಹೇಳಿದ ಮೊದಲ ಮನುಷ್ಯ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್. ಅವರೂ ಸೀಸವನ್ನೇ ಅಳೆದದ್ದು, ಆದ್ರೆ ಭೂಮಿಯ ಕಲ್ಲಿನಲ್ಲಿ ಅಲ್ಲ, ಅಮೆರಿಕದ ಅರಿಜೋನಾದಲ್ಲಿ ಬಿದ್ದ ಉಲ್ಕಾಶಿಲೆಯಂಥವುಗಳಲ್ಲಿ. ಭೂಮಿಯ ಮೊದಲ ಕಲ್ಲುಗಳೆಲ್ಲ ಕರಗಿ ಕಲಸಿ ಹೋಗಿವೆಯಲ್ಲ, ಉಲ್ಕೆಗಳು ಹಾಗಲ್ಲ, ಹುಟ್ಟಿದ ಹಾಗೇ ಉಳಿದವು. 1956ರಲ್ಲಿ ಅವರು ಪ್ರಕಟಿಸಿದ ಸಂಖ್ಯೆ 455 ಕೋಟಿ ವರ್ಷ, ಇವತ್ತಿಗೂ ಅದು ಹೆಚ್ಚು ಕದಲಿಲ್ಲ. ಅಳೆಯುವಾಗ ಲ್ಯಾಬಿನಲ್ಲಿ ಎಲ್ಲಿ ನೋಡಿದ್ರೂ ಸೀಸ, ಗಾಳಿಯಲ್ಲಿ, ಧೂಳಿನಲ್ಲಿ, ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಅದು ಪೆಟ್ರೋಲಿಗೆ ಹಾಕ್ತಿದ್ದ ಸೀಸ ಅಂತ ತಿಳಿದ ಮೇಲೆ ಆ ಮನುಷ್ಯ ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದ್ರು. ನನಗೆ ಅವರ ಮೇಲೆ ಬಹಳ ಗೌರವ. ಭೂಮಿಯ ವಯಸ್ಸು ಹುಡುಕಲಿಕ್ಕೆ ಹೋಗಿ ಮಕ್ಕಳ ರಕ್ತದ ವಿಷ ಕಂಡುಹಿಡಿದವರು.

ಇನ್ನು ಸೌರವ್ಯೂಹದ್ದು. 1969ರ ಫೆಬ್ರವರಿ 8ಕ್ಕೆ ಮೆಕ್ಸಿಕೋದ ಅಯೆಂದೆ ಊರಿನ ಸುತ್ತ ಒಂದು ದೊಡ್ಡ ಉಲ್ಕೆ ಒಡೆದು ಬಿತ್ತು, ಟನ್ನುಗಟ್ಟಲೆ ಚೂರು ಸಿಕ್ಕಿತು. ಆ ಕಪ್ಪು ಕಲ್ಲನ್ನ ಕೊಯ್ದು ನೋಡಿದ್ರೆ ಒಳಗೆ ಅವಲಕ್ಕಿ ಹಾಗೆ ಬಿಳಿ ಬಿಳಿ ತುಣುಕು. ಇಂಥ ಬಿಳಿ ತುಣುಕುಗಳ ವಯಸ್ಸು 456.7 ಕೋಟಿ ವರ್ಷ. ಸೂರ್ಯನ ಸುತ್ತ ಮೊಟ್ಟಮೊದಲು ಗಟ್ಟಿಯಾದ ವಸ್ತು ಅದೇ, ಅಲ್ಲಿಂದಲೇ ನಮ್ಮ ಲೆಕ್ಕ ಶುರು. ಅದಕ್ಕಿಂತ ಮೊದಲು ಇದ್ದದ್ದು ಗ್ಯಾಸು ಮತ್ತು ಧೂಳಿನ ತಣ್ಣನೆಯ ಮೋಡ. ಅದರ ಒಂದು ಭಾಗ ತನ್ನದೇ ಭಾರಕ್ಕೆ ಕುಸೀತು, ಕುಸಿದ ಹಾಗೆ ತಿರುಗುವ ವೇಗ ಹೆಚ್ಚಿ ದೋಸೆ ಹಾಗೆ ಚಪ್ಪಟೆಯಾಯ್ತು, ಮಧ್ಯದ ಮುದ್ದೆ ಸೂರ್ಯ ಆಯ್ತು. ಒಟ್ಟು ತೂಕದಲ್ಲಿ 99.8 ಪರ್ಸೆಂಟ್ ಸೂರ್ಯನಿಗೇ ಹೋಯ್ತು, ಗುರು ಶನಿ ಭೂಮಿ ನಾವು ನೀವು ಎಲ್ಲ ಸೇರಿ ಉಳಿದ ಆ ಚೂರಿನಲ್ಲಿ ಆದದ್ದು. ಸೂರ್ಯನ ಹತ್ತಿರ ಬಿಸಿ, ಅಲ್ಲಿ ಕಲ್ಲು ಕಬ್ಬಿಣ ಮಾತ್ರ ಗಟ್ಟಿಯಾಗಿ ನಿಲ್ತದೆ, ಅದಕ್ಕೆ ಬುಧ, ಶುಕ್ರ, ಭೂಮಿ, ಮಂಗಳ ಸಣ್ಣ ಕಲ್ಲಿನ ಗ್ರಹಗಳು. ದೂರದಲ್ಲಿ ನೀರೂ ಮಂಜುಗಡ್ಡೆ ಆಗಿ ಇರ್ಲಿಕ್ಕೆ ಆಗ್ತದೆ, ಸಾಮಾನು ಜಾಸ್ತಿ, ಹಾಗಾಗಿ ಗುರು ಶನಿ ಅಷ್ಟು ದೊಡ್ಡದಾಗಿ ಬೆಳೆದವು.

ಧೂಳು ಧೂಳಿಗೆ ಅಂಟಿ ಉಂಡೆ, ಉಂಡೆ ಉಂಡೆಗೆ ಡಿಕ್ಕಿಯಾಗಿ ಬೆಟ್ಟ, ಬೆಟ್ಟಗಳು ಸೇರಿ ಗ್ರಹ. ಈ ಪೆಟ್ಟುಗಳ ಬಿಸಿಗೆ ಮತ್ತು ಒಳಗಿದ್ದ ವಿಕಿರಣ ವಸ್ತುಗಳ ಬಿಸಿಗೆ ಎಳೆ ಭೂಮಿ ಕರಗಿಹೋಗಿತ್ತು. ಗಂಜಿ ಇಳಿಸಿ ಸ್ವಲ್ಪ ಹೊತ್ತು ಬಿಟ್ರೆ ಅಗುಳು ಅಡಿಗೆ ಕೂತು ತೆಳಿ ಮೇಲೆ ನಿಲ್ತದಲ್ಲ, ಹಾಗೆ ಭಾರದ ಕಬ್ಬಿಣ, ನಿಕ್ಕೆಲ್ ಎಲ್ಲ ನಡುವಿಗೆ ಇಳಿದು, ಹಗುರದ ಕಲ್ಲು ಮೇಲೆ ಉಳೀತು. ನಡುವಿನ ಆ ಕಬ್ಬಿಣದ ಹೊರಭಾಗ ಇವತ್ತಿಗೂ ದ್ರವ, ಅದು ಕದಡುವುದರಿಂದಲೇ ಭೂಮಿಗೆ ಕಾಂತಕ್ಷೇತ್ರ ಉಂಟು. ಮಂಗಳಕ್ಕೂ ಒಂದು ಕಾಲದಲ್ಲಿ ಇತ್ತು, ನಿಂತುಹೋಯ್ತು, ಅಲ್ಲಿನ ಗಾಳಿಯ ಬಹುಪಾಲು ಆಕಾಶಕ್ಕೆ ಸೋರಿಹೋಯ್ತು.

ಚಂದ್ರನ ಕಥೆ ಹೇಳುವಾಗ ಹುಡುಗಿ ಎದ್ದು ಕೂತ್ಲು. ಭೂಮಿ ಇನ್ನೂ ಎಳೆಯದಿದ್ದಾಗ ಮಂಗಳ ಗ್ರಹದಷ್ಟು ದೊಡ್ಡ ಇನ್ನೊಂದು ಕಾಯ ಬಂದು ಹೊಡೀತು, ಅದಕ್ಕೆ ಥಿಯಾ ಅಂತ ಹೆಸರಿಟ್ಟಿದ್ದಾರೆ, ಎರಡೂ ಕರಗಿ ಚಿಮ್ಮಿದ ಕಲ್ಲಿನ ರಸ ಭೂಮಿಯ ಸುತ್ತ ಸುತ್ತಿ ಒಟ್ಟಾಗಿ ಚಂದ್ರ ಆಯ್ತು, ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಮಾತು ಇದು. ಚಂದ್ರನ ಮೇಲೆ ಇಳಿದ ಅಮೆರಿಕದ ಅಪೊಲೊದವರು ತಂದ 382 ಕಿಲೋ ಕಲ್ಲು ಮಣ್ಣಿನಿಂದ ಈ ಯೋಚನೆ ಗಟ್ಟಿಯಾದದ್ದು. ಇದರಲ್ಲಿ ನಮ್ಮ ಪಾಲೂ ಉಂಟು! 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದದ್ದು ನಾವೆಲ್ಲ ಟಿವಿ ಮುಂದೆ ಉಸಿರು ಹಿಡಿದು ನೋಡಿದ್ದೇವೆ, ಆಮೇಲೆ ಆ ಪುಟ್ಟ ಪ್ರಜ್ಞಾನ್ ರೋವರ್ ಎಂತ ಕಂಡುಹಿಡೀತು ಅಂತ ಕೇಳಿದವರು ಕಡಿಮೆ. ಅದು ದಕ್ಷಿಣ ಧ್ರುವದ ಕಡೆಯ ಮಣ್ಣನ್ನ ಅಳೀತು, ಫೆರೋಆನ್‌ ಅನಾರ್ಥೊಸೈಟ್ ಅನ್ನುವ ತಿಳಿ ಬಣ್ಣದ ಕಲ್ಲಿನ ಗುಣವೇ ಅಲ್ಲೂ ಸಿಕ್ಕಿತು. ಚಂದ್ರ ಇಡೀ ಕರಗಿದ ಕಲ್ಲಿನ ಸಮುದ್ರ ಆಗಿದ್ದಾಗ ಈ ಹಗುರ ಕಲ್ಲು ಹಾಲಿನ ಕೆನೆ ಹಾಗೆ ಮೇಲೆ ತೇಲಿ ಬಂದದ್ದು. ಅಪೊಲೊ ಇಳಿದದ್ದು ಚಂದ್ರನ ಹೊಟ್ಟೆ ಭಾಗದಲ್ಲಿ, ಇಲ್ಲಿ ಅಷ್ಟು ದೂರದ ದಕ್ಷಿಣದಲ್ಲೂ ಅದೇ ಕೆನೆ. ಅಂದ್ರೆ ಚಂದ್ರ ಪೂರ್ತಿ ಕರಗಿತ್ತು ಅನ್ನುವ ಮಾತಿಗೆ ಬಲ ಬಂತು.

ಆಗ ಚಂದ್ರ ಈಗಿಗಿಂತ ಬಹಳ ಹತ್ತಿರ ಇದ್ದ, ಭೂಮಿಯ ಹಗಲು ರಾತ್ರಿ ಬಹಳ ಗಿಡ್ಡ. ಮಲ್ಪೆ ಅಳಿವೆ ಬಾಗಿಲಲ್ಲಿ ಭರತ-ಇಳಿತ ನೋಡಿದವರಿಗೆ ಗೊತ್ತುಂಟು, ನೀರು ದಡಕ್ಕೆ, ತಳಕ್ಕೆ ಎಷ್ಟು ಉಜ್ಜುತ್ತದೆ ಅಂತ. ಆ ಉಜ್ಜುವಿಕೆ ಭೂಮಿಯ ತಿರುಗಾಟಕ್ಕೆ ಬ್ರೇಕು, ಭೂಮಿ ನಿಧಾನ ಆದಷ್ಟೂ ಚಂದ್ರ ಆಚೆ ಸರೀತಾನೆ, ವರ್ಷಕ್ಕೆ 3.8 ಸೆಂಟಿಮೀಟರ್. ಅಪೊಲೊದವರು ಅಲ್ಲಿಟ್ಟ ಕನ್ನಡಿಗೆ ಲೇಸರ್ ಬಿಟ್ಟು ಅಳೆದ ಲೆಕ್ಕ ಇದು. 1963ರಲ್ಲಿ ಜಾನ್ ವೆಲ್ಸ್ ಅನ್ನುವವರು ಸುಮಾರು 38 ಕೋಟಿ ವರ್ಷ ಹಳೇ ಹವಳದ ಮೇಲಿನ ದಿನದಿನದ ಗೆರೆಗಳನ್ನ ಎಣಿಸಿದ್ರು. ಒಂದು ವರ್ಷಕ್ಕೆ 400ರ ಹತ್ತಿರ ಗೆರೆ ಬಂತು. ವರ್ಷ ಅಷ್ಟೇ ಉದ್ದ, ದಿನ ಮಾತ್ರ 22 ಗಂಟೆಯದ್ದು. ಸಮುದ್ರ ತಾನೇ ಎಳೆದ ಬ್ರೇಕಿನ ಲೆಕ್ಕವನ್ನ ಹವಳ ಬರೆದಿಟ್ಟದ್ದು ಇದು, ನನಗೆ ಯಾವಾಗ ನೆನೆದ್ರೂ ರೋಮಾಂಚನ ಆಗ್ತದೆ.

ಮಾತು ಇಲ್ಲಿಗೆ ಬಂದಾಗ ನನಗೆ ಅಡುಗೆಮನೆಯ ಕಲ್ಲು ನೆನಪಾಯ್ತು. ಸೋದರಮಾವ ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದವರು, ಅವರು ತಂದ ಒಂದು ಕಲ್ಲು ಅಮ್ಮನ ಹತ್ತಿರ ಉಂಟು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಅದರ ಮೇಲೆ ಇಡುದು. ಹಿಡಿದ್ರೆ ಗಾತ್ರಕ್ಕಿಂತ ಭಾರ. ಕಪ್ಪು ಒಂದು ಪಟ್ಟೆ, ಬೂದು ಒಂದು ಪಟ್ಟೆ, ಪುಸ್ತಕದ ಹಾಳೆ ಹಾಗೆ, ಫ್ರಿಜ್ಜಿನ ಮ್ಯಾಗ್ನೆಟ್ ಇಟ್ರೆ ಟಕ್ಕಂತ ಅಂಟ್ತದೆ. ಇದು 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ತಳ. ಆಗ ಗಾಳಿಯಲ್ಲಿ ಆಮ್ಲಜನಕ ಇರ್ಲಿಲ್ಲ ಅಂತಲೇ ಹೇಳ್ಬಹುದು, ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡು ಇತ್ತು. ಬರೀ ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ತಿಂದು ಬದುಕಲಿಕ್ಕೆ ಕಲಿತವು, ಅವುಗಳಲ್ಲಿ ಕೆಲವು ಆಮ್ಲಜನಕ ಹೊರಗೆ ಬಿಟ್ಟವು, ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು, ಪಟ್ಟೆ ಮೇಲೆ ಪಟ್ಟೆ. ಸುಮಾರು 240 ಕೋಟಿ ವರ್ಷದ ಹಿಂದಿನಿಂದ ಆಮ್ಲಜನಕ ಗಾಳಿಯಲ್ಲಿ ನಿಲ್ಲಲಿಕ್ಕೆ ಶುರುವಾಯ್ತು. ಆ ತುಕ್ಕಿನ ಬೆಟ್ಟವೇ ಕುದುರೆಮುಖ. ಅಲ್ಲಿನ ಅದಿರನ್ನ ನೀರಲ್ಲಿ ಕಲಸಿ ಘಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪಿನಲ್ಲಿ ಬಿಡ್ತಿದ್ರು, 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳೀತು, ಅದು ಒಳ್ಳೇದಾಯ್ತು ಅಂತ ಮಾವನೇ ಹೇಳ್ತಾರೆ, ಕೆಲಸ ಹೋದ ನೋವು ಅವರಿಗೆ ಇದ್ರೂ.

ಮಧ್ಯದಲ್ಲಿ ಎಷ್ಟೋ ಆಗಿದೆ. ಭೂಮಿ ಪೂರ್ತಿ ಹಿಮ ಮುಚ್ಚಿದ ಕಾಲ, ಖಂಡಗಳು ಸೇರಿದ್ದು, ಒಡೆದದ್ದು. ಅದನ್ನೆಲ್ಲ ಇಲ್ಲಿ ಎಳೆಯುದಿಲ್ಲ, ನಮ್ಮ ಕಡಲಿಗೆ ಬರ್ತೇನೆ.

ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ, ನಮ್ಮವರ ತೋನ್ಸೆಪಾರ್, ಎಲ್ಲರೂ ಫೋಟೋ ತೆಗೆದು ಬರ್ತಾರೆ. ಅಲ್ಲಿ ಕಲ್ಲುಗಳು ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ, ಐದು ಮೂಲೆ, ಆರು ಮೂಲೆ, ಏಳು ಮೂಲೆ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟದ್ದು ಅದು, ಗದ್ದೆ ಕೆಸರು ಬೇಸಗೆಯಲ್ಲಿ ಬಿರಿಯುವ ಹಾಗೆ. ಸುಮಾರು 8.8 ಕೋಟಿ ವರ್ಷ ಹಿಂದೆ ನಮ್ಮ ಈ ಕರಾವಳಿ ಇರ್ಲೇ ಇಲ್ಲ, ಇದಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಕೆಳಗಿಂದ ಬಿಸಿ ಏರಿ, ನೆಲ ಸೀಳಿ, ಲಾವಾ ಉಕ್ಕಿ ಎರಡೂ ಬೇರೆಯಾದವು, ಆ ಸೀಳಿನ ಅಂಚಿನಲ್ಲಿ ಉಳಿದ ಗುರುತು ತೋನ್ಸೆಪಾರ್. ಮಡಗಾಸ್ಕರಿನ ಈಶಾನ್ಯದಲ್ಲಿ ಅಂಟೊಂಗಿಲ್ ಅನ್ನುವ ಕಡೆಯ ಕಲ್ಲೂ ಪಶ್ಚಿಮ ಕರ್ನಾಟಕದ ಪಾದೆಯೂ ಒಂದೇ ನೆಲದ ತುಂಡು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಅಂದ್ರೆ ನಮ್ಮ ಬಾವಿಯ ಪಾದೆಗೆ ದಾಯಾದಿಗಳು ಕಡಲಾಚೆ ಇದ್ದಾರೆ. ಅಲ್ಲೂ ಯಾರೋ ಬಾವಿ ತೋಡುವಾಗ ಇಂಥದ್ದೇ ಪಟ್ಟೆಯ ಕಲ್ಲು ಸಿಕ್ಕಿರಬಹುದು, ಅವರ ಮನೆಯ ಮಗುವೂ ಅದನ್ನ ತೊಳೆದು ನೋಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸ್ತೇನೆ.

ಬಿಟ್ಟು ಬಂದ ನಮ್ಮ ನೆಲ ಉತ್ತರಕ್ಕೆ ಓಡಿತು, ಸುಮಾರು 5 ಕೋಟಿ ವರ್ಷ ಹಿಂದೆ ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿತು. ಇತ್ತ ಸೀಳಿದ ಅಂಚು ಘಟ್ಟ ಆಗಿ ನಿಂತಿತು. ಘಟ್ಟ ಮೋಡ ತಡೀತದೆ, ಮೋಡ ನಮ್ಮ ಮೇಲೆ ಸುರೀತದೆ, ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಆ ಮಳೆಯೇ ಪಾದೆಯನ್ನ ಶೇಡಿ ಮಾಡಿದ್ದು, ಶೇಡಿಯನ್ನ ಮುರಕಲ್ಲು ಮಾಡಿದ್ದು. ಮಡಗಾಸ್ಕರ್ ಬಿಟ್ಟುಹೋಗದಿದ್ರೆ ನಮ್ಮ ಮನೆ ಗೋಡೆಗೆ ಕಲ್ಲು ಇಲ್ಲ. ಮತ್ತೆ ಈ ಕೆಲಸ ನಿಂತಿಲ್ಲ, ಮೊನ್ನೆ ಜೂನ್‌ನಲ್ಲಿ ಬಿದ್ದ ಮಳೆಯೂ ಅದನ್ನೇ ಮಾಡ್ತಾ ಉಂಟು, ಮೂವತ್ತೆಂಟನೇ ಅಡಿಯಲ್ಲಿ ನಾನು ಬೆರಳಿಟ್ಟ ಜಾಗದಲ್ಲಿ. ಕೋಟ್ಯಂತರ ವರ್ಷ ಬೇಕಾದ ಈ ಕಲ್ಲನ್ನ ಈಗ ಕೋರೆಗಳಲ್ಲಿ ಮೆಷಿನ್ ಇಟ್ಟು ಗುಡ್ಡೆಗುಡ್ಡೆಯೇ ಕೊಯ್ದು ಸಾಗಿಸುವಾಗ ಹೊಟ್ಟೆ ಉರೀತದೆ ನನಗೆ. ಮುರಕಲ್ಲಿನ ಆ ತೂತುಗಳೇ ಮಳೆನೀರು ಇಂಗುವ ದಾರಿ, ಗುಡ್ಡೆ ಹೋದ್ರೆ ಕೆಳಗಿನ ಬಾವಿ ಬತ್ತುದೇ. ನಮ್ಮ ಹಿಂದಿನ ಗುಡ್ಡೆಯಲ್ಲೂ ಅರ್ಧ ಹೋಗಿದೆ.

ಅಜ್ಜ ಹೇಳ್ತಿದ್ರು, ಪರಶುರಾಮರು ಕೊಡಲಿ ಬೀಸಿ ಕಡಲನ್ನ ಹಿಂದೆ ಸರಿಸಿ ಈ ನೆಲ ಮಾಡಿದ್ದು ಅಂತ. ಕಡಲು ಹಿಂದೆ ಮುಂದೆ ಹೋದದ್ದಂತೂ ನಿಜ. 20 ಸಾವಿರ ವರ್ಷ ಹಿಂದೆ ಹಿಮಯುಗದಲ್ಲಿ ಕಡಲು ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಮಲ್ಪೆಯಲ್ಲಿ ನಿಂತ್ರೆ ನೀರು ಹತ್ತಾರು ಕಿಲೋಮೀಟರ್ ಆಚೆ, ತೋನ್ಸೆಪಾರಿಗೆ ನಡೆದೇ ಹೋಗಬಹುದಿತ್ತು.

ಪಾದೆ ಸಿಕ್ಕಿದ ಮೇಲೆ ಇನ್ನೂ ನಾಲ್ಕಡಿ ಒಡೆದ್ರು, ಒಟ್ಟು 42. ಹನ್ನೆರಡನೇ ದಿನ ಬೆಳಿಗ್ಗೆ ನೋಡಿದ್ರೆ ಶೇಡಿ ಮತ್ತು ಪಾದೆ ಸೇರುವ ಗೆರೆಯಲ್ಲಿ, ಓರೆ ಪಟ್ಟೆಯ ಬಿರುಕಿನಿಂದ ಒರತೆ ಬಂದಿತ್ತು. ಬೆರಳಿನಷ್ಟು ದಪ್ಪ. ಶುರುವಿಗೆ ಶೇಡಿ ಕದಡಿ ಅಕ್ಕಚ್ಚು ಹಾಗೆ ಬೆಳ್ಳಗೆ. ಹುಡುಗಿ ಬಗ್ಗಿ ನೋಡ್ತಾ, "ಭೂಮಿ ಕರಗಿತ್ತು ಅಂದ್ರಲ್ಲ ಚಿಕ್ಕಪ್ಪಾ, ಹಾಗಾದ್ರೆ ನೀರು ಎಲ್ಲಿಂದ ಬಂತು?" ಅಂದ್ಲು. ನೀರಿನ ಹೆಚ್ಚಿನ ಪಾಲು ದೂರದ ಕಲ್ಲುಗಳ ಒಳಗೆ ಕೂತು ಬಂದಿರಬಹುದು ಅಂತ ಹೇಳಿದೆ. ಇಂಗಾಲ ಜಾಸ್ತಿ ಇರುವ ಒಂದು ಜಾತಿ ಉಲ್ಕೆಗಳ ನೀರಿಗೂ ನಮ್ಮ ಸಮುದ್ರದ ನೀರಿಗೂ ಸಾದಾ ಹೈಡ್ರೋಜನ್ನಿಗೆ ಭಾರದ ಹೈಡ್ರೋಜನ್ ಎಷ್ಟು ಅನ್ನುವ ಲೆಕ್ಕ ತಾಳೆ ಆಗ್ತದೆ. 2014ರಲ್ಲಿ ರೊಸೆಟ್ಟಾ ನೌಕೆ ಒಂದು ಧೂಮಕೇತುವಿನ ನೀರು ಅಳೆದಾಗ ಆ ಲೆಕ್ಕ ಮೂರು ಪಟ್ಟು ಬಂತು, ಹಾಗಾಗಿ ಆ ತರದ ಧೂಮಕೇತುಗಳಿಂದ ಬಂದದ್ದು ಜಾಸ್ತಿ ಇರ್ಲಿಕ್ಕಿಲ್ಲ. ಈ ನೀರಿನ ಒಂದು ಪಾಲು ಸೂರ್ಯ ಹುಟ್ಟುವ ಮೊದಲೇ ಆ ಮೋಡದಲ್ಲಿ ಮಂಜುಗಡ್ಡೆಯಾಗಿ ಇತ್ತು ಅಂತಲೂ ಲೆಕ್ಕ ಹಾಕಿದ್ದಾರೆ. ಅವಳು ಸ್ವಲ್ಪ ಹೊತ್ತು ಎಂತದೂ ಮಾತಾಡ್ಲಿಲ್ಲ, ಆಮೇಲೆ "ಸೂರ್ಯನಿಗಿಂತ ಹಳೇದಾ?" ಅಂತ ಮೆಲ್ಲ ಕೇಳಿದ್ಲು.

ಮೂರು ದಿನ ಕಳೆದ ಮೇಲೆ ನೀರು ತಿಳಿಯಾಯ್ತು. ಮೊದಲ ಕೊಡಪಾನ ಅಮ್ಮನೇ ಸೇದಿದ್ರು, ತುಳಸಿಕಟ್ಟೆಗೆ ಸ್ವಲ್ಪ ಎರೆದು, ಅಂಗೈಯಲ್ಲಿ ಒಂದು ಗುಟುಕು ತೆಗೊಂಡು ಕುಡಿದ್ರು. ನಾವೆಲ್ಲ ಅವರ ಮುಖ ನೋಡ್ತಾ ನಿಂತಿದ್ದೆವು.

"ಸಿಹಿ ಉಂಟು" ಅಂದ್ರು.